ಒಂದು ಉಸಿರಿನ ಷರಾ

ಮೋನಮ್ಮ ಬಡಿಗೇರ ಇಪ್ಪತ್ತೆರಡು ವರ್ಷ ದಿನವೂ ಸಂಜೆ ಆರೂವರೆಗೆ ಒಬ್ಬ ಪರಪುರುಷನ ಮಾತು ಕೇಳುತ್ತ ಕೂತಿದ್ದಳು. ಅದಕ್ಕಾಗಿ ಸರ್ಕಾರ ಅವಳಿಗೆ ಸಂಬಳ ಕೊಡುತ್ತಿತ್ತು.

ಆ ಪುರುಷ ತನ್ನನ್ನು ಮಿತ್ರಸೇನ ಎಂದು ಕರೆದುಕೊಳ್ಳುತ್ತಿದ್ದ. ಹೆತ್ತವರು ಇಟ್ಟ ಹೆಸರು ಅದಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು. ಅವನು ಸಮುದ್ರದಾಚೆಯ ಒಂದು ಗಣರಾಜ್ಯದವನು. ಗಣರಾಜ್ಯ ಎಂಬುದೂ ಅದು ತನಗೆ ತಾನೇ ಇಟ್ಟುಕೊಂಡ ಹೆಸರೇ. ಇಲಾಖೆಯ ಕಾಗದಗಳಲ್ಲಿ ಆ ದೇಶವನ್ನು 'ಮೂಲ ಏಳು' ಎಂದಷ್ಟೇ ಬರೆಯಬೇಕಿತ್ತು. ಅಲ್ಲಿನ ಸರ್ಕಾರ ಜಗತ್ತಿನ ನಲವತ್ತು ಭಾಷೆಗಳಲ್ಲಿ ರೇಡಿಯೋ ಕಾರ್ಯಕ್ರಮ ಮಾಡುತ್ತಿತ್ತು. ಕನ್ನಡದ ಪಾಲಿಗೆ ಬಂದವನು ಮಿತ್ರಸೇನ.

ಅವನು ಕನ್ನಡ ಕಲಿತದ್ದು ಯಾವುದೋ ಹಳೆಯ ವ್ಯಾಕರಣದ ಪುಸ್ತಕದಿಂದ ಇರಬೇಕು. "ಆತ್ಮೀಯ ಶ್ರೋತೃ ಮಹಾಶಯರೇ, ತಮಗೆಲ್ಲರಿಗೂ ಸಾಯಂಕಾಲದ ವಂದನೆಗಳು. ತಮ್ಮ ಮಿತ್ರಸೇನನು ಮಾತನಾಡುತ್ತಿದ್ದಾನೆ" ಎಂದು ಶುರುಮಾಡುತ್ತಿದ್ದ. ಗದಗಿನಲ್ಲಿ ಹೀಗೆ ಮಾತಾಡುವವರು ಒಬ್ಬರೂ ಇರಲಿಲ್ಲ. ಇದ್ದಿದ್ದರೆ ಮನೆಯವರು ದವಾಖಾನೆಗೆ ಕರೆದುಕೊಂಡು ಹೋಗುತ್ತಿದ್ದರು. ಅವನು 'ಬೇಳೆ' ಅನ್ನುವಾಗ ನಾಲಿಗೆ ಮಡಚಿ ಬಿಡುವುದು ಸಹ ಕೇಳಿಸುತ್ತಿತ್ತು, ಅಷ್ಟು ಶ್ರದ್ಧೆ.

ಹಿಂದೊಮ್ಮೆ ಸತ್ತುಹೋಗಿದ್ದ ರೇಡಿಯೋ ಹೇಗೆ ಎದ್ದು ಕೂತಿತೆಂದು ಒಂದು ಮಾತು ಹೇಳಬೇಕು. ದೇಶದೇಶಗಳೆಲ್ಲ ತಮ್ಮ ತಮ್ಮ ಇಂಟರ್ನೆಟ್ಟಿಗೆ ಬೇಲಿ ಹಾಕಿಕೊಂಡ ಮೇಲೆ ಬೇಲಿ ಹಾರಬಲ್ಲ ಪ್ರಾಣಿ ಒಂದೇ ಉಳಿಯಿತು: ಶಾರ್ಟ್‌ವೇವ್. ಅದು ನೆಲದ ಮೇಲೆ ಬರುವುದಿಲ್ಲ. ಮೇಲಕ್ಕೆ ಹೋಗಿ, ಆಕಾಶದ ವಿದ್ಯುತ್ ಪದರಕ್ಕೆ ಬಡಿದು, ಚೆಂಡು ಪುಟಿದ ಹಾಗೆ ಸಾವಿರಾರು ಮೈಲಿ ದಾಟಿ ಬಂದು ಬೀಳುತ್ತದೆ. ಹಾಗೆ ಬಿದ್ದದ್ದನ್ನು ಹಿಡಿಯಲು ಕಪ್ಪತಗುಡ್ಡದ ಇಳಿಜಾರಿನಲ್ಲಿ, ಗಾಳಿಯಂತ್ರಗಳ ನಡುವೆ, ಸರ್ಕಾರ ಒಂದು ಆಲಿಕೆ ಕೇಂದ್ರ ಕಟ್ಟಿತ್ತು. ಅದರೊಳಗೆ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ಮೋನಮ್ಮ.

ಕೆಲಸ ಸರಳ. ಒಂದು ನಮೂನೆ ಇತ್ತು. ಅದರಲ್ಲಿ ವೇಳೆ, ವಿಷಯ, ಆಡಿದ ಮಾತು, ಧ್ವನಿ ಯಾರದು ಎಂಬ ಕಾಲಂಗಳು, ಕೊನೆಗೆ ಷರಾ. ಅವಳು ಸೇರಿದ ದಿನ ಆಗಿನ ಮೇಲಧಿಕಾರಿ ಹೇಳಿದ್ದು ಒಂದೇ ಮಾತು: "ಏನ ಬಿಟ್ಟರೂ ಷರಾ ಖಾಲಿ ಬಿಡಬ್ಯಾಡ್ರಿ. ಷರಾ ಖಾಲಿ ಐತಿ ಅಂದ್ರ ನೀವು ಕೇಳೇ ಇಲ್ಲ ಅಂತ ಅರ್ಥ." ಅಲ್ಲಿಂದೀಚೆಗೆ ಅವಳು ಒಂದು ದಿನವೂ ಖಾಲಿ ಬಿಟ್ಟಿರಲಿಲ್ಲ. ಬರೆಯಲು ಏನೂ ಇಲ್ಲದ ದಿನ, ಮಿತ್ರಸೇನ ಕೆಮ್ಮಿದ್ದನ್ನು ಬರೆಯುತ್ತಿದ್ದಳು. ಕಾಗದ ಸರಿಸಿದ್ದನ್ನು, ನೀರು ಕುಡಿದದ್ದನ್ನು ಬರೆಯುತ್ತಿದ್ದಳು.

ಉಸಿರನ್ನೂ ಬರೆಯುತ್ತಿದ್ದಳು. ಅದಕ್ಕೆ ಅವಳದೇ ಒಂದು ಗುರುತು, ಮೀನು ಹಿಡಿಯುವ ಗಾಳದಂಥ ಸಣ್ಣ ಕೊಕ್ಕೆ. ಇದು ಅವಳಪ್ಪನಿಂದ ಬಂದದ್ದು. ಅಪ್ಪ ಗದಗಿನ ಹಳೇ ಪೇಟೆಯಲ್ಲಿ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದ. ತಿದಿಯಲ್ಲಿ ಗಾಳಿ ಎಲ್ಲಿ ಸೋರುತ್ತದೆಂದು ಬೇರೆಯವರು ಊದುಬತ್ತಿ ಹಿಡಿದು ನೋಡಿದರೆ, ಅವನು ಮಗಳ ಕಿವಿ ಹಿಡಿದು ನೋಡುತ್ತಿದ್ದ. "ಎಲ್ಲೈತಿ ಹೇಳವ್ವ?" ಅವಳು ಕಣ್ಣು ಮುಚ್ಚಿ ಬೆರಳಿಡುತ್ತಿದ್ದಳು. ಬೆರಳಿಟ್ಟಲ್ಲಿ ಅಪ್ಪ ಸೀಮೆಸುಣ್ಣದಲ್ಲಿ ಒಂದು ಕೊಕ್ಕೆ ಎಳೆಯುತ್ತಿದ್ದ.

ಮಿತ್ರಸೇನ ಕೆಲವು ಸುದ್ದಿ, ಹಾಡು, ಪತ್ರಗಳ ಮುಂಚೆ, ಕೆಲವಕ್ಕೆ ಮಾತ್ರ, ಒಂದು ಉಸಿರು ಎಳೆದುಕೊಳ್ಳುತ್ತಿದ್ದ. ಅವಳು ಅಲ್ಲಿ ಕೊಕ್ಕೆ ಹಾಕುತ್ತಿದ್ದಳು. ಯಾಕೆಂದು ಅವಳೂ ಕೇಳಿಕೊಳ್ಳಲಿಲ್ಲ, ನಮೂನೆಗಳನ್ನು ಓದಬೇಕಾದವರು ಯಾರೂ ಕೇಳಲಿಲ್ಲ. ಓದಿದ್ದರಲ್ಲವೇ ಕೇಳುವುದು!

ಮಿತ್ರಸೇನನ ಕಾರ್ಯಕ್ರಮದಲ್ಲಿ ಮುಕ್ಕಾಲು ಪಾಲು ಒಳ್ಳೆಯ ಮಾತೇ ಇರುತ್ತಿತ್ತು. ಹಾಡು, ಹವಾಮಾನ, ಕೇಳುಗರ ಪತ್ರ, ತಮ್ಮ ದೇಶದಲ್ಲಿ ಎಲೆಕೋಸಿನ ಉಪ್ಪಿನಕಾಯಿ ಹಾಕುವ ವಿಧಾನ. ಉಳಿದ ಕಾಲುಪಾಲಿನಲ್ಲಿ ವಿಷ. ಒಂದು ವರ್ಷ, ಹೊಸ ಬಗೆಯ ಬ್ಯಾಡಗಿ ಮೆಣಸಿನಕಾಯಿ ಮುಟ್ಟಿದವರ ಕೈಯೆಲ್ಲ ಬೊಬ್ಬೆ ಬರುತ್ತದೆ ಎಂದ. ಕೈಯಲ್ಲಿ ಬೊಬ್ಬೆಯೇ ಇಲ್ಲದ ಜನ ಮೆಣಸಿನಕಾಯಿಯ ಚೀಲಗಳಿಗೆ ಬೆಂಕಿ ಹಾಕಿದರು. ಮೂರು ದಿನ ಊರೆಲ್ಲ ಕೆಮ್ಮಿತು. ಇದು ನಗುವ ವಿಷಯ. ಮುಂದಿನ ವರ್ಷದ್ದು ಹಾಗಲ್ಲ. ಮಕ್ಕಳಿಗೆ ಹಾಕುವ ಹೊಸ ಹನಿ ಔಷಧಿಯಿಂದ ಮಾತು ನಿಂತುಹೋಗುತ್ತದೆ ಎಂದ. ಒಂದು ಹಳ್ಳಿಯವರು ಆರೋಗ್ಯ ಕೇಂದ್ರದ ಹೆಣ್ಣುಮಗಳನ್ನು ಊರ ಗಡಿಯಲ್ಲೇ ತಡೆದು ಕಳಿಸಿದರು. ಆ ಮಳೆಗಾಲದಲ್ಲಿ ಜ್ವರ ಬಂದು ಅಲ್ಲಿ ಮೂರು ಕೂಸುಗಳು ಹೋದವು.

ಅದಾದ ಮೇಲೆ ಕೇಂದ್ರಕ್ಕೆ ಡಾಕ್ಟರ್ ಸುಧನ್ವ ಬಂದ. ಮೈಸೂರಿನ ಕಡೆಯವನು, ಮೂವತ್ತನಾಲ್ಕು ವರ್ಷ, ಕಾಫಿಗೂ ಚಹಕ್ಕೂ ಒಂದೇ ಸಮ ಬೇಸರಪಡುತ್ತಿದ್ದ. ಅವನ ಜೊತೆ ಬಂದ ಯಂತ್ರದ ಹೆಸರು 'ಮುನ್ನುಡಿ'.

"ನೋಡಿ ಮೋನಮ್ಮನವ್ರೇ," ಎಂದು ಅವನು ವಿವರಿಸಿದ. "ಸುಳ್ಳು ಹೇಳಿದ ಮೇಲೆ ಅದು ಸುಳ್ಳು ಅಂತ ನಾವು ಹೇಳಿದ್ರೆ ಯಾರೂ ಕೇಳಲ್ಲ. ಅಷ್ಟೊತ್ತಿಗೆ ಅದು ಊರು ಸುತ್ತಿ ಬಂದಿರುತ್ತೆ. ಅವರು ಹೇಳೋಕ್ಕಿಂತ ಮೊದ್ಲೇ ನಾವು ಹೇಳ್ಬೇಕು."

"ಅವರು ಏನ ಹೇಳ್ತಾರ ಅಂತ ನಮಗ ಹೆಂಗ ಗೊತ್ತಾಕ್ಕೈತ್ರಿ, ಸರ?"

"ಅದೂ ಒಂದು ಸರ್ಕಾರಿ ಆಫೀಸೇ ಅಲ್ವಾ? ಸುಳ್ಳನ್ನೂ ಫೈಲು ಹಾಕಿ, ಸಹಿ ಮಾಡಿಸಿ, ಮೂರು ವಾರ ಮೊದ್ಲೇ ರೆಡಿ ಮಾಡ್ತಾರೆ. ಮೊದಲು ಅದೇ ವಿಷಯದ ಒಂದು ಹಾಡು. ಆಮೇಲೆ ಯಾರೋ ಶ್ರೋತೃವಿನ ಪತ್ರ. ಆಮೇಲೆ ವೈದ್ಯರಿಗೆ ಒಂದು ಪ್ರಶ್ನೆ. ಕೊನೆಗೆ ಸುದ್ದಿ. ಮೆಟ್ಟಿಲು ಕಂಡ್ರೆ ಎಲ್ಲಿಗೆ ಹತ್ತುತ್ತಾರೆ ಅಂತ ಯಂತ್ರ ಹೇಳುತ್ತೆ."

ಯಂತ್ರಕ್ಕೆ ಮೋನಮ್ಮನ ಇಪ್ಪತ್ತೆರಡು ವರ್ಷದ ನಮೂನೆಗಳನ್ನು ಉಣ್ಣಿಸಿದರು. ಯಾರೂ ಓದದಿದ್ದನ್ನು ಅದು ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸಿತು. ಆದರೂ ಯಾವ ಹಾಡು ಬರೀ ಹಾಡು, ಯಾವುದು ಮೆಟ್ಟಿಲು ಎಂದು ಅದಕ್ಕೆ ತಿಳಿಯದು. ನೂರಕ್ಕೆ ನಲವತ್ತು ಸರಿ, ಅರವತ್ತು ತಪ್ಪು. ಸುಧನ್ವ ಒಂದು ವಾರ ತಲೆ ಕೆರೆದುಕೊಂಡ. ಆಮೇಲೆ ಒಂದು ಹಾಳೆ ಹಿಡಿದು ಬಂದ.

"ಇದೇನ್ರೀ, ಈ ಕೊಕ್ಕೆ?"

"ಉಸರ್ರಿ."

"ಏನು?"

"ಅವ ಉಸರ ತಗೋತಾನಲ್ರೀ. ಅಲ್ಲಿ ಹಾಕಿರ್ತೀನಿ."

ಸುಧನ್ವ ಹಾಳೆ ತಿರುವಿದ. ಮೆಣಸಿನಕಾಯಿಯ ಹಾಡು: ಕೊಕ್ಕೆ. ಮೂರು ವಾರದ ಮೇಲೆ ಅದರ ಸುದ್ದಿ: ಕೊಕ್ಕೆ. ಹನಿ ಔಷಧಿ: ಕೊಕ್ಕೆ. ಎಲೆಕೋಸು: ಇಲ್ಲ. ಅವನು ಕುರ್ಚಿ ಎಳೆದುಕೊಂಡು ಕೂತ. ಕೊಕ್ಕೆಗಳನ್ನೂ ಯಂತ್ರಕ್ಕೆ ಕಲಿಸಿದ ಮೇಲೆ ಮುನ್ನುಡಿ ನೂರಕ್ಕೆ ತೊಂಬತ್ಮೂರು ಸರಿ ಹೇಳತೊಡಗಿತು.

"ಸುಳ್ಳು ಹೇಳೋವಾಗ ಅವನಿಗೆ ಉಸಿರು ಕಟ್ಟುತ್ತೆ," ಎಂದ ಸುಧನ್ವ. "ಭಯ. ದೇಹಕ್ಕೆ ಗೊತ್ತಾಗುತ್ತೆ. ಪಾಪ, ಅವನಿಗೇ ಗೊತ್ತಿರಲ್ಲ."

ಆ ಯುಗಾದಿಯಿಂದ 'ಇಂದು ಸಂಜೆಯ ಸುಳ್ಳು' ಶುರುವಾಯಿತು. ನಮ್ಮ ಸರ್ಕಾರದ ರೇಡಿಯೋದಲ್ಲಿ, ಬೆಳಿಗ್ಗೆ ಏಳೂಕಾಲಿಗೆ, ಹತ್ತು ನಿಮಿಷ. ನಗುನಗುತ್ತ ಮಾತಾಡುವ ನಿರೂಪಕ: "ಬಂಧುಗಳೇ, ಇಂದು ಸಂಜೆ ಮಿತ್ರಸೇನರು ಕುಡಿಯುವ ನೀರಿನ ಟ್ಯಾಂಕಿನಲ್ಲಿ ಹಾವಿನ ವಿಷ ಇದೆ ಎನ್ನಲಿದ್ದಾರೆ. ಮನೆಯವರೆಲ್ಲ ಕೂತು ಕೇಳಿ, ಚುರುಮುರಿ ಇರಲಿ." ಸಂಜೆ ಆರೂ ಐವತ್ತಕ್ಕೆ ಮಿತ್ರಸೇನ ತನ್ನ ಮಡಿಕನ್ನಡದಲ್ಲಿ ಅದನ್ನೇ ಹೇಳುತ್ತಿದ್ದ. ಚಹದಂಗಡಿಗಳಲ್ಲಿ ಜನ ತೊಡೆ ತಟ್ಟಿ ನಗುತ್ತಿದ್ದರು. ಎರಡು ತಿಂಗಳಲ್ಲಿ ಅವನ ಮಾತಿಗೆ ಹೆದರುವವರು ಜಿಲ್ಲೆಯಲ್ಲಿ ಯಾರೂ ಉಳಿಯಲಿಲ್ಲ. ಆ ಹಳ್ಳಿಯಲ್ಲಿ ಹನಿ ಔಷಧಿ ಹಾಕಿದರು. ಮೋನಮ್ಮ ಅಂದು ಕೇಂದ್ರದವರಿಗೆಲ್ಲ ಮನೆಯಿಂದ ಹೋಳಿಗೆ ಮಾಡಿಕೊಂಡು ಹೋದಳು.

ಹೋಳಿಗೆ ತಟ್ಟಿಕೊಟ್ಟ ಅತ್ತೆ ಗುರವ್ವ ಮಾತ್ರ ನಗುವವರ ಪೈಕಿ ಇರಲಿಲ್ಲ.

ಬೆಟಗೇರಿಯ ಎರಡು ಖೋಲಿಯ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ ಇದ್ದರು. ಮೋನಮ್ಮನ ಗಂಡ ತೀರಿಹೋಗಿ ಒಂಬತ್ತು ವರ್ಷವಾಗಿತ್ತು. ಯಾರ ಪರ ಎಂದು ಹೇಳಲು ಮೂರನೆಯವರು ಇಲ್ಲವಾದ ಮೇಲೆ ಅವರ ಜಗಳ ತಾನಾಗಿ ನಿಂತಿತ್ತು. ಸೊಸೆ ಕಚೇರಿಯಲ್ಲಿ ಕೇಳುವ ಹೊತ್ತಿಗೆ ಅತ್ತೆ ಮನೆಯಲ್ಲಿ ಅದೇ ಮಿತ್ರಸೇನನನ್ನು ಪುಕ್ಕಟೆ ಕೇಳುತ್ತಿದ್ದಳು. ಪಕ್ಕದ ಮನೆಯ ಮಗ್ಗ ನಿಲ್ಲುವುದನ್ನೇ ಕಾದು ರೇಡಿಯೋ ಹಚ್ಚುತ್ತಿದ್ದಳು.

"ಆ ಮನಿಶ್ಯಾ ಬಾಯಿ ತೆರಿಯೂದ್ರಾಗ ನಿಮ್ಮವರು ಅವನ ಬಾಯಾಗ ಕೈ ಹಾಕ್ತಾರ," ಎಂದಳು ಒಂದು ಭಾನುವಾರ, ಜೋಳ ಹಸನು ಮಾಡುತ್ತ. "ನಗತಾರಂತ. ಏನ ನಗೂದೈತಿ?"

"ಸುಳ್ಳ ಹೇಳ್ತಾನಲ್ರೀ ಅತ್ತಿ. ಮೂರು ಕೂಸು ಸತ್ತಾವು."

"ಸತ್ತಾವ ಖರೆ. ಹೇಳಸೂ ಮಂದಿ ಹೇಳಸ್ತಾರ, ಅವ ಹೇಳ್ತಾನ. ಅವಂಗ ನಾಚಿಕಿ ಐತಿ."

"ನಿಮಗ ಹೆಂಗ ಗೊತ್ತು?"

ಗುರವ್ವ ಮೊರ ಕೆಳಗಿಟ್ಟಳು. ಹೇಳಲೋ ಬೇಡವೋ ಎಂಬಂತೆ ಸೊಸೆಯ ಮುಖ ನೋಡಿದಳು. "ನಿನ್ನ ನೌಕರಿ ಹೋಗತೈತಂತ ಇಷ್ಟ ದಿನ ಹೇಳಿದ್ದಿಲ್ಲ. ನಾ ಅವಂಗ ಒಂದು ಕಾಗದಾ ಬರಸಿದ್ದೆ. ಇಪ್ಪತ್ತ ವರ್ಸದ ಕೆಳಗ. ಮಾಸ್ತರ ಹೆಂಡತಿ ಬರದ ಕೊಟ್ಟಳು."

"ಯವ್ವಾ! ಏನಂತ ಬರಸಿದ್ರಿ?"

"ಏನಂತ ಬರಸ್ತಾರ? 'ತಮ್ಮಾ, ನಿನ್ನ ಮಾತ ಚಂದ ಅದಾವು. ಊಟ ಆತೇನು? ನಿನ್ನ ಹಡದಾಕಿ ಅದಾಳೇನು? ನೀ ಆರಾಮ ಅದಿಯೇನು?' ಅಂತ. ಪರದೇಶದಾಗ ಕುಂತು ನಮ್ಮ ಮಾತ ಆಡತಾನ, ಯಾರರ ಕೇಳಬೇಕಲ್ಲ."

"ಉತ್ತರಾ ಬಂತೇನು?"

"ರೇಡಿಯೋದಾಗ ಓದಿದ. ಆದ್ರ ನಾ ಬರಸಿದ್ದಲ್ಲ. 'ಗದಗಿನ ಗುರವ್ವನವರು ಬರೆಯುತ್ತಾರೆ, ನಮಗೆ ಕುಡಿಯಲು ನೀರಿಲ್ಲ, ಸರ್ಕಾರ ನಮ್ಮನ್ನು ಬಡಿಯುತ್ತದೆ, ತಮ್ಮ ದೇಶವೇ ನಮಗೆ ದಿಕ್ಕು' ಅಂತ ಓದಿದ. ನೀರಿಂದು ಖರೇನ ಐತಿ, ಆದ್ರ ನಾ ಬರಸಿದ್ದಿಲ್ಲ." ಮುದುಕಿ ಮತ್ತೆ ಮೊರ ಎತ್ತಿಕೊಂಡಳು. "ನನ್ನ ಹೆಸರ ಹೇಳೂಮುಂದ ತಡದ. ಒಂದು ಉಸರ ತಗೊಂಡ. ಉಡಾಳ ಹುಡುಗರು ತಪ್ಪ ಮಾಡಿ ನಿಂತಾಗ ತಗೋತಾರ ನೋಡು, ಹಂಗ. ಅವತ್ತ ನಂಗ ಗೊತ್ತಾತು."

ಆ ಪತ್ರವನ್ನು ನಮೂನೆಗೆ ಇಳಿಸಿದವಳು ಮೋನಮ್ಮನೇ; ಗದಗಿನಲ್ಲಿ ಓಣಿಗೊಬ್ಬ ಗುರವ್ವ ಇದ್ದಾಳೆಂದು ಆಗ ಬಿಟ್ಟಿದ್ದಳು. ಸೋಮವಾರ ಬೆಳಿಗ್ಗೆಯೇ ಕೇಂದ್ರಕ್ಕೆ ಹೋದಳು. ಹಳೆಯ ಧ್ವನಿಮುದ್ರಿಕೆ ತೆಗೆಸಿ, ಅತ್ತೆಯ ಕಾಗದದ ದಿನ ಹುಡುಕಿ, ಉಸಿರನ್ನು ಯಂತ್ರದ ಪರದೆಯ ಮೇಲೆ ಗೆರೆಯಾಗಿಸಿ ಅಳೆದಳು. ಅರ್ಧ ಸೆಕೆಂಡಿಗಿಂತ ಕೂದಲೆಳೆಯಷ್ಟು ಹೆಚ್ಚು. ಆಮೇಲೆ ಮೆಣಸಿನಕಾಯಿಯ ದಿನದ್ದು ತೆಗೆಸಿದಳು. ಅಷ್ಟೇ. ಹೋದ ವಾರದ್ದು. ಅಷ್ಟೇ.

ಅವಳು ಮೂರನ್ನೂ ಇನ್ನೊಮ್ಮೆ ಕೇಳಿದಳು. ಅಪ್ಪ ಕಲಿಸಿದ ವಿದ್ಯೆ ನೆನಪಾಯಿತು. ತಿದಿ ಹರಿದು ಸೋರುವ ಗಾಳಿ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತದೆ. ಮಳೆಗಾಲದಲ್ಲಿ ಒಂದು ಥರ, ಬೇಸಿಗೆಯಲ್ಲಿ ಒಂದು ಥರ. ಬಾರಿಸುವವನು ಬೆರಳಿಟ್ಟು ಬಿಡುವ ಗಾಳಿಗೆ ಮಾತ್ರ ಒಂದೇ ಅಳತೆ. ಮಿತ್ರಸೇನನ ಬೇರೆ ಉಸಿರುಗಳೆಲ್ಲ ವಯಸ್ಸಿನೊಂದಿಗೆ ಉದ್ದವಾಗಿದ್ದವು, ಒರಟಾಗಿದ್ದವು. ಹನ್ನೆರಡನೆಯ ವರ್ಷ ಅವನಿಗೆ ತಿಂಗಳುಗಟ್ಟಲೆ ಕೆಮ್ಮಿತ್ತು. ಆ ಕೆಮ್ಮಿನ ನಡುವೆಯೂ ಕೊಕ್ಕೆಯ ಉಸಿರು ಮಾತ್ರ ಅಷ್ಟೇ ಉದ್ದ, ಅಷ್ಟೇ ಮೆತ್ತಗೆ. ಇದು ಸೋರಿದ್ದಲ್ಲ. ಇಪ್ಪತ್ತೆರಡು ವರ್ಷ ಒಬ್ಬ ಮನುಷ್ಯ, ತನ್ನ ಮೇಲಿನವರಿಗೆ ಕೇಳಿಸದಷ್ಟು ಸಣ್ಣದಾಗಿ, ಕೇಳುವ ಮನಸ್ಸಿದ್ದವರಿಗೆ ಕೇಳಿಸುವಷ್ಟು ದೊಡ್ಡದಾಗಿ, ಹೇಳುತ್ತ ಬಂದಿದ್ದ: ಮುಂದಿನದನ್ನು ನಂಬಬೇಡಿ.

ಕೇಳಿದವರು ಇಬ್ಬರು. ಒಬ್ಬಳು ನಾಚಿಕೆ ಎಂದುಕೊಂಡಳು. ಇನ್ನೊಬ್ಬಳು ನಮೂನೆ ತುಂಬಿದಳು.

ಅಂದು ಸಂಜೆಯ ಕಾರ್ಯಕ್ರಮ ಮುಗಿಯಿತು. ವೇಳೆ, ವಿಷಯ, ಮಾತು, ಧ್ವನಿ ಎಲ್ಲ ತುಂಬಿದ ಮೇಲೆ ಮೋನಮ್ಮನ ಪೆನ್ನು ಕೊನೆಯ ಕಾಲಮ್ಮಿಗೆ ಬಂತು. ಅವಳು ಬರೆದಳು: 'ಷರಾ: ಈ ಉಸಿರು ತಾನಾಗಿ ಬರುವುದಲ್ಲ. ಉದ್ದೇಶಪೂರ್ವಕ. ಆತ ಕೇಳುಗರನ್ನು ಎಚ್ಚರಿಸುತ್ತಿದ್ದಾನೆ.'

ಕೈ ತಾನಾಗಿ ಬರೆಯಿತು ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಳು. ಕೈ ತಾನಾಗಿ ಬರೆಯುವುದಿಲ್ಲ. ಇಪ್ಪತ್ತೆರಡು ವರ್ಷದ ರೂಢಿ ಇತ್ತು, ನಿಜ. ಬೇರೆ ಯಾರಿಗೂ ಕೇಳದ್ದು ತನಗೆ ಕೇಳಿತೆಂಬ ಸಣ್ಣದೊಂದು ಹೆಮ್ಮೆಯೂ ಇತ್ತು. ನಮೂನೆಗಳನ್ನು ಯಾರೂ ಓದುವುದಿಲ್ಲವೆಂಬ ಭರವಸೆಯೂ ಇತ್ತು. ಅವಳು ಮರೆತದ್ದು ಒಂದೇ. ಈಗ ಅವನ್ನು ಯಂತ್ರ ಓದುತ್ತಿತ್ತು. ಮಹತ್ವದ್ದು ಕಂಡರೆ ಮುಖ್ಯ ಕಚೇರಿಗೆ ತಾನೇ ಕಳಿಸುತ್ತಿತ್ತು.

ಮನೆಗೆ ಹೋಗುವ ಬಸ್ಸು ಬೆಟಗೇರಿಯ ತಿರುವಿಗೆ ಬಂದಾಗ ಅವಳಿಗೆ ಅದು ನೆನಪಾಯಿತು. ಸೀಟಿನಿಂದ ಎದ್ದು ನಿಂತಳು. "ಇನ್ನೂ ಸ್ಟಾಪ್ ಬಂದಿಲ್ರೀ ಯಕ್ಕಾ" ಎಂದ ಕಂಡಕ್ಟರ್.

ಮರುದಿನ ಅವಳು ಸುಧನ್ವನ ಕೋಣೆಗೆ ಹೋದಾಗ ಅವನು ಆಗಲೇ ಫೋನಿನಲ್ಲಿದ್ದ.

"ಸರ, ಆ ಷರಾ ತಗಸ್ರಿ. ನಾ ತಪ್ಪ ಬರದೀನಿ ಅಂತ ಹೇಳ್ರಿ."

"ಮುಖ್ಯ ಕಚೇರಿಯವ್ರಿಗೆ ಬಹಳ ಸಂತೋಷ ಆಗಿದೆ, ಮೋನಮ್ಮನವ್ರೇ." ಅವನು ಫೋನು ಕೆಳಗಿಟ್ಟ. "ಗುರುವಾರ ನಮ್ಮ ಬೆಳಗಿನ ಕಾರ್ಯಕ್ರಮದ ನೂರನೇ ಕಂತು. ಅದರಲ್ಲಿ ಹೇಳ್ತಾರಂತೆ. ಆ ದೇಶದ ಮಿತ್ರಸೇನನೇ ಆ ದೇಶವನ್ನ ನಂಬಲ್ಲ, ಉಸಿರಿಟ್ಟು ನಿಮಗೆ ಎಚ್ಚರಿಕೆ ಕೊಡ್ತಿದ್ದಾನೆ, ನೀವೇ ಕೇಳಿ ನೋಡಿ, ಅಂತ. ಇದಕ್ಕಿಂತ ದೊಡ್ಡ ಗೆಲುವು ಬೇರೆ ಇಲ್ವಂತೆ."

"ಅವನ್ನ ಕೊಲ್ತಾರ್ರಿ ಅಲ್ಲಿ!"

"ನಾನೂ ಅದೇ ಹೇಳ್ದೆ."

"ಏನಂದ್ರು?"

ಸುಧನ್ವ ಕಿಟಕಿಯಾಚೆ ಗಾಳಿಯಂತ್ರ ತಿರುಗುವುದನ್ನು ನೋಡುತ್ತ ಹೇಳಿದ: "ಆತ ನಮ್ಮ ಪ್ರಜೆ ಅಲ್ಲ. ಆತನ ಸುರಕ್ಷತೆ ನಮ್ಮ ಇಲಾಖೆಯ ಕಾರ್ಯವ್ಯಾಪ್ತಿಗೆ ಬರೋದಿಲ್ಲ. ಹಾಗಂದ್ರು."

"ನೀವ ಹೋಗಿ ಹೇಳ್ರಿ. ಖುದ್ದ ಹೋಗ್ರಿ."

"ಹೋಗ್ತೀನಿ." ಅವನು ನಿಜಕ್ಕೂ ಹೋದ. ಆ ಮಧ್ಯಾಹ್ನವೇ ರೈಲು ಹಿಡಿದು ಮುಖ್ಯ ಕಚೇರಿಗೆ ಹೋಗಿ, ಒಂದು ದಿನವೆಲ್ಲ ಯಾರದೋ ಕೋಣೆಯ ಹೊರಗೆ ಕೂತ. ಒಳಗಿನಿಂದ ಚಹ ಬಂತು, ಕರೆ ಬರಲಿಲ್ಲ. ಹಾಗಾಗಿ ಈ ಕಥೆಯಲ್ಲಿ ಅವನನ್ನು ಕೆಟ್ಟವನೆನ್ನಲು ಬರುವುದಿಲ್ಲ. ಕೆಟ್ಟವರು ಇದ್ದರೆ ಸುಲಭವಿತ್ತು.

ಗುರುವಾರ ಬೆಳಿಗ್ಗೆ ಏಳೂಕಾಲಿಗೆ ನಿರೂಪಕ ಡೊಳ್ಳು ಬಾರಿಸಿ ಶುರುಮಾಡಿದ. ಮಿತ್ರಸೇನನ ಐದು ಉಸಿರುಗಳನ್ನು ಒಂದಾದ ಮೇಲೊಂದು ಜೋಡಿಸಿ ಕೇಳಿಸಿದ. "ಕೇಳಿದಿರಾ? ಇದು ನಮ್ಮ ಗೆಳೆಯನ ಗುಟ್ಟಿನ ಗಂಟೆ! ಮಿತ್ರಸೇನ್, ನಿಮಗೆ ಕನ್ನಡಿಗರ ಶರಣು!" ಚಹದಂಗಡಿಗಳಲ್ಲಿ ಜನ ಚಪ್ಪಾಳೆ ತಟ್ಟಿದರು. ಅವರು ಮನಸಾರೆ ತಟ್ಟಿದರು. ನಿನ್ನೆಯವರೆಗೆ ನಗೆಪಾಟಲಾಗಿದ್ದ ಮನುಷ್ಯ ಒಮ್ಮೆಲೇ ನಮ್ಮವನಾಗಿದ್ದ.

ಮೋನಮ್ಮನ ಮನೆಯಲ್ಲಿ ರೇಡಿಯೋದ ಮುಂದೆ ರೊಟ್ಟಿ ಬಡಿಯುತ್ತಿದ್ದ ಗುರವ್ವನ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀಯಿತು.

"ಇದನ್ನ ಅವರಿಗೆ ಯಾರ ಹೇಳಿದ್ರು?"

ಮೋನಮ್ಮ ಕೈಚಾಚಿ ರೇಡಿಯೋ ಬಂದ್ ಮಾಡಿದಳು.

"ನಾ ನಿನಗ ಹೇಳಿದ್ದೆ," ಎಂದಳು ಗುರವ್ವ. ಬೈಯಲಿಲ್ಲ, ಹಾಗೆಂದು ಬಿಟ್ಟುಕೊಡಲೂ ಇಲ್ಲ. "ನಾ ನಿನಗ ಅಷ್ಟ ಹೇಳಿದ್ದೆ."

ಸೀದ ರೊಟ್ಟಿಯನ್ನು ತೆಗೆದು ಆಚೆಗಿಟ್ಟು, ಮುದುಕಿ ಮುಂದಿನದನ್ನು ಬಡಿಯತೊಡಗಿದಳು.

ಗುರುವಾರ ಸಂಜೆ ಆರೂವರೆಗೆ ಆ ಅಲೆಯಲ್ಲಿ ವಾದ್ಯಸಂಗೀತ ಬಂತು. ಶುಕ್ರವಾರವೂ ವಾದ್ಯಸಂಗೀತ. ಶನಿವಾರವೂ. ಮೋನಮ್ಮ ಮೂರು ದಿನವೂ ಪೂರ್ತಿ ಕೂತು ಕೇಳಿದಳು. ಹಿಂದೆ ಯಾರಾದರೂ ಕೆಮ್ಮುತ್ತಾರೇನೋ, ಕಾಗದ ಸರಿಸುತ್ತಾರೇನೋ ಎಂದು ಕಾದಳು. ಮೂರು ದಿನದ ಷರಾ ಕಾಲಮ್ಮಿನಲ್ಲಿಯೂ 'ವಾದ್ಯ' ಎಂದು ಬರೆದಳು.

ಭಾನುವಾರ ರಜೆ. ಆದರೂ ಅವಳು ಹೋದಳು. ಸುಧನ್ವನೂ ಬಂದಿದ್ದ, ಇನ್ನೊಂದು ಹೆಡ್‌ಫೋನ್ ಏರಿಸಿಕೊಂಡು ಪಕ್ಕದಲ್ಲಿ ಕೂತ. ಆರೂವರೆಗೆ ಸರಿಯಾಗಿ:

"ಆತ್ಮೀಯ ಶ್ರೋತೃ ಮಹಾಶಯರೇ, ತಮಗೆಲ್ಲರಿಗೂ ಸಾಯಂಕಾಲದ ವಂದನೆಗಳು. ತಮ್ಮ ಮಿತ್ರಸೇನನು ಮಾತನಾಡುತ್ತಿದ್ದಾನೆ."

ಸುಧನ್ವ ಅವಳ ಕೈ ಗಟ್ಟಿಯಾಗಿ ಹಿಡಿದ. ಹಿಡಿದದ್ದು ಅವನಿಗೇ ಗೊತ್ತಿರಲಿಲ್ಲ.

ಅವನು ಸುದ್ದಿ ಓದಿದ. ತನ್ನ ಬಗ್ಗೆ ಪರರಾಷ್ಟ್ರವೊಂದು ಹಬ್ಬಿಸಿರುವ ವದಂತಿ ನಿರಾಧಾರವೆಂದು ಓದಿದ. ತಾನು ತನ್ನ ದೇಶದ ನಿಷ್ಠಾವಂತ ಸೇವಕನೆಂದು ಓದಿದ. ಎಲ್ಲಿಯೂ ಕೊಕ್ಕೆಯ ಉಸಿರಿರಲಿಲ್ಲ. ಒಂದು ವಾಕ್ಯದ ತುದಿಗೆ ಇನ್ನೊಂದು ವಾಕ್ಯ ಗಂಟು ಹಾಕಿಕೊಂಡು, ನೀರಿನೊಳಗೆ ಮುಳುಗಿದವನ ಹಾಗೆ ಓದುತ್ತಿದ್ದ. ಎದುರಿಗೆ ಯಾರೋ ಕೂತು ಎಣಿಸುತ್ತಿದ್ದರೆಂದು ಕಾಣುತ್ತದೆ. ಮುನ್ನುಡಿಯ ಪರದೆಯ ಮೇಲೆ ಒಂದೊಂದೇ ಸಾಲು ಹಸಿರಾಗುತ್ತ ಹೋಯಿತು: ನಿಜ, ನಿಜ, ನಿಜ.

"ಕೊನೆಯದಾಗಿ, ಶ್ರೋತೃಗಳ ಪತ್ರ," ಎಂದ ಮಿತ್ರಸೇನ. "ಗದಗಿನ ಗುರವ್ವನವರು ಬಹಳ ಹಿಂದೆ ಒಂದು ಪತ್ರ ಬರೆದಿದ್ದರು. ಉತ್ತರಿಸುವುದು ತಡವಾಯಿತು. ಅಮ್ಮಾ, ನನ್ನ ತಾಯಿ ತೀರಿಕೊಂಡು ಹದಿನೈದು ವರ್ಷಗಳಾದವು. ಇಂದಿನ ಊಟ ಆಗಿದೆ."

ಆಮೇಲೆ ಅದು ಬಂತು. ಅರ್ಧ ಸೆಕೆಂಡಿಗಿಂತ ಕೂದಲೆಳೆಯಷ್ಟು ಹೆಚ್ಚು. ಅಷ್ಟೇ ಮೆತ್ತಗೆ.

"ನಾ ಆರಾಮ ಅದೀನಿ," ಎಂದ ಮಿತ್ರಸೇನ. ವ್ಯಾಕರಣದ ಪುಸ್ತಕದಲ್ಲಿ ಇಲ್ಲದ ಕನ್ನಡ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ.

ಯಾರೋ ಸ್ವಿಚ್ಚು ತಿರುಗಿಸಿದರು. ವಾದ್ಯ ಬಂತು.

ಸುಧನ್ವ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಮೋನಮ್ಮ ನಮೂನೆ ಎಳೆದುಕೊಂಡು ವೇಳೆ ಬರೆದಳು. ಬರೆಯುವುದು ಬಿಟ್ಟು ಬೇರೇನು ಮಾಡಬೇಕೆಂದು ಅವಳಿಗೆ ಯಾರೂ ಯಾವತ್ತೂ ಹೇಳಿಕೊಟ್ಟಿರಲಿಲ್ಲ.

ಮನೆಗೆ ಬಂದಾಗ ಗುರವ್ವ ದೀಪ ಹಚ್ಚಿ ಕಟ್ಟೆಯ ಮೇಲೆ ಕೂತಿದ್ದಳು.

"ಕೇಳಿದಿ?"

"ಕೇಳಿದೆ, ಅತ್ತಿ."

"ನೆನಪಿಟ್ಟಿದ್ದ ನೋಡು," ಎಂದಳು ಮುದುಕಿ. ಸೆರಗಿನಿಂದ ಮೂಗು ಒರೆಸಿಕೊಂಡಳು. "ಊಟ ಮಾಡಿದ್ದು ಖರೆ ಅಂತ. ಅಷ್ಟರ ಖರೆ ಇತ್ತಲ್ಲ."

ಸೋಮವಾರ ಸಂಜೆ ಮಿತ್ರಸೇನ ಮತ್ತೆ ಬಂದ. ಅದೇ ಧ್ವನಿ, ಅದೇ 'ಬೇಳೆ', ಅದೇ ವಂದನೆಗಳು. ಹವಾಮಾನ ಓದಿದ, ಎಲೆಕೋಸಿನ ವಿಷಯ ಹೇಳಿದ, ಹಸುವಿನ ಹಾಲಿನ ಬಗ್ಗೆ ಒಂದು ಹಾಡು ಹಾಕಿದ. ಮೋನಮ್ಮ ಹತ್ತು ನಿಮಿಷ ಕೇಳಿ, ಹೆಡ್‌ಫೋನನ್ನು ಇನ್ನಷ್ಟು ಒತ್ತಿ ಹಿಡಿದಳು. ಕಣ್ಣು ಮುಚ್ಚಿದಳು. ಸುಳ್ಳಿನ ಮುಂಚೆಯ ಉಸಿರಿನ ಮಾತು ಹಾಗಿರಲಿ, ಬದುಕಿದ್ದವರು ಮಾತಿನ ನಡುವೆ ಎಳೆದುಕೊಳ್ಳುವ ಯಾವ ಉಸಿರೂ ಅಲ್ಲಿರಲಿಲ್ಲ. ಬೆರಳಿಡಲು ಎಲ್ಲಿಯೂ ಜಾಗವಿಲ್ಲ. ಸೋರದ ತಿದಿ.

ಇಪ್ಪತ್ತೆರಡು ವರ್ಷದ ಧ್ವನಿಮುದ್ರಿಕೆ ಕೈಯಲ್ಲಿದ್ದರೆ, ಅದನ್ನು ಯಂತ್ರಕ್ಕೆ ಉಣ್ಣಿಸಿ, ಮನುಷ್ಯನನ್ನು ಬಿಟ್ಟು ಅವನ ಧ್ವನಿಯನ್ನಷ್ಟೇ ಇಟ್ಟುಕೊಳ್ಳುವುದು ಈಗ ಕಷ್ಟದ ಕೆಲಸವಲ್ಲ. ಬೇಕಿದ್ದರೆ ಉಸಿರನ್ನೂ ಸೇರಿಸಬಹುದಿತ್ತು. ಉಸಿರಿನಿಂದಲೇ ಏಟು ತಿಂದವರು ಯಾಕೆ ಸೇರಿಸುತ್ತಾರೆ?

ಮುನ್ನುಡಿಗೆ ಎಲ್ಲವೂ ನಿಜವಾಗಿ ಕಾಣತೊಡಗಿತು. ಎರಡು ವಾರದಲ್ಲಿ ಅದು ನೂರಕ್ಕೆ ನಲವತ್ತಕ್ಕೆ ಇಳಿಯಿತು. ಬೆಳಿಗ್ಗೆಯ ನಿರೂಪಕ ಒಂದು ಹೇಳಿದರೆ ಸಂಜೆಯ ಧ್ವನಿ ಇನ್ನೊಂದು ಹೇಳುತ್ತಿತ್ತು; ಜನ ಈಗ ನಿರೂಪಕನನ್ನು ನೋಡಿ ನಗತೊಡಗಿದರು. ಶ್ರಾವಣ ಶುರುವಾಗುವ ಹೊತ್ತಿಗೆ ಕಾರ್ಯಕ್ರಮ ನಿಂತಿತು. ಹಾಲಿನ ಡೇರಿಯ ಮುಂದೆ ಹೆಂಗಸರು ಕೊಡಗಟ್ಟಲೆ ಹಾಲು ಚೆಲ್ಲಿದ ಸುದ್ದಿ ಪತ್ರಿಕೆಯಲ್ಲಿ ಬಂತು. ಅವರಿಗೆ ಎಚ್ಚರಿಕೆ ಕೊಡಲು ಈಗ ಯಾರೂ ಇರಲಿಲ್ಲ, ಅಲ್ಲಿಯೂ, ಇಲ್ಲಿಯೂ.

ಗುರವ್ವ ಸಂಜೆಯ ರೇಡಿಯೋ ಬಿಟ್ಟಳು. "ಇವಂಗ ಊಟ ಆತೇನಂತ ಯಾರನ್ನ ಕೇಳೂದು?" ಎಂದಳು. ಪಕ್ಕದ ಮನೆಯ ಮಗ್ಗ ನಿಂತ ಮೇಲೂ ಅವರ ಮನೆ ಸುಮ್ಮನೆ ಇರುತ್ತಿತ್ತು.

ಮುಖ್ಯ ಕಚೇರಿಯಿಂದ ಒಂದು ಸುತ್ತೋಲೆ ಬಂತು. ಮೂಲ ಏಳರ ಕನ್ನಡ ಪ್ರಸಾರದ ಧ್ವನಿಯನ್ನು ಪರಿಣತರು ಹೋಲಿಸಿ ನೋಡಿದ್ದಾರೆ. ಅದು ಮಿತ್ರಸೇನನದೇ. ಆತ ಕ್ಷೇಮವಾಗಿ ಕೆಲಸದಲ್ಲಿ ಮುಂದುವರಿದಿದ್ದು, ಇಲಾಖೆಯ ಯಾವುದೇ ಕ್ರಮದಿಂದ ಆತನಿಗೆ ತೊಂದರೆಯಾಗಿಲ್ಲವೆಂಬುದು ಇದರಿಂದ ಸ್ಪಷ್ಟ. ಆಲಿಕೆದಾರರು ನಮೂನೆಯಲ್ಲಿ ಹಾಗೆಯೇ ನಮೂದಿಸತಕ್ಕದ್ದು.

ಸುಧನ್ವ ಸುತ್ತೋಲೆಯನ್ನು ಅವಳ ಮುಂದಿಟ್ಟು ನಿಂತ. "ನೀವು ಬರೀಬೇಡಿ, ಮೋನಮ್ಮನವ್ರೇ. ನಾನು ನೋಡ್ಕೋತೀನಿ."

"ನಾ ಬರೀದಿದ್ರ ಇನ್ನೊಬ್ಬರನ್ನ ಕುಂದರಸ್ತಾರ್ರಿ, ಸರ. ಅವರು ಕೇಳೂದಿಲ್ಲ."

ಆರೂವರೆ ಆಯಿತು. ಧ್ವನಿ ಬಂತು, ಮುಗಿಯಿತು. ಮೋನಮ್ಮ ವೇಳೆ ಬರೆದಳು, ವಿಷಯ ಬರೆದಳು, ಆಡಿದ ಮಾತೆಲ್ಲ ಬರೆದಳು. 'ಧ್ವನಿ ಯಾರದು' ಎಂಬಲ್ಲಿಗೆ ಬಂದಾಗ ಪೆನ್ನು ಎತ್ತಿದಳು. ಒಂದು ಉಸಿರು ಎಳೆದುಕೊಂಡಳು, ಅರ್ಧ ಸೆಕೆಂಡಿಗಿಂತ ತುಸು ಹೆಚ್ಚು ಇದ್ದೀತು. ಮೊದಲು ಒಂದು ಸಣ್ಣ ಕೊಕ್ಕೆ ಎಳೆದಳು. ಅದರ ಮುಂದೆ ಬರೆದಳು: 'ಮಿತ್ರಸೇನ. ಆರಾಮ ಇದ್ದಾರೆ.'

ಆ ದಿನದಿಂದ ಪ್ರತಿ ನಮೂನೆಯಲ್ಲೂ ಆ ಕೊಕ್ಕೆ ಇದೆ. ಅದೇನೆಂದು ಮುಖ್ಯ ಕಚೇರಿಯವರು ಇದುವರೆಗೆ ಕೇಳಿಲ್ಲ.